ಸಿಟ್ಟು ಬಂದದೆ, ಒಳಕ್ಕೋಗಿ

ಕಂಡಕ್ಟರ್ ಕೆಲಸಕ್ಕೆ ಸೇರಿದವರು ನಗು ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ, ಅದೇ ದಿನಾ ಬಸ್ಸು ಹತ್ತಿ ಬರುತ್ತದೆ. ನಾನು ಮಳವಳ್ಳಿ–ಮದ್ದೂರು ಬಸ್ಸಿನ ಕಂಡಕ್ಟರಮ್ಮ. ಆದರೆ ಒಂದು ಕಾಲಕ್ಕೆ ನನ್ನ ಬಸ್ಸಿನಲ್ಲಿ ನಗುವಿಗಿಂತ ಬೈಗುಳವೇ ಜಾಸ್ತಿ ಪ್ರಯಾಣ ಮಾಡುತ್ತಿತ್ತು. ದೂರು ಹೋಗಿ ಹೋಗಿ ಡಿಪೋ ಸಾಹೇಬರಿಗೆ ರೋಸಿಹೋಯಿತು. ಕರೆಸಿ, "ನೋಡಮ್ಮ, ನಿನ್ನ ಬಾಯಿ ಬಗ್ಗೆ ಇನ್ನೊಂದು ದೂರು ಬಂದರೆ ಈ ಬಸ್ಸೂ ಇಲ್ಲ, ಕೆಲಸವೂ ಇಲ್ಲ" ಅಂದರು.

ನನಗೆ ಆ ಬಸ್ಸೆಂದರೆ ಪ್ರಾಣ. ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತೆ. ಮಂಡ್ಯದ ಗುತ್ತಲಿನಲ್ಲಿರುವ ನಮ್ಮಕ್ಕ ಫೋನಿನಲ್ಲೇ ಸಮಾಧಾನ ಮಾಡಿ, "ನಮ್ ಬೀದೀಲಿ ಭಾನ್ವಾರ ಒಬ್ರು ಭಂತೇಜಿ ಬುದ್ಧನ ಧ್ಯಾನ ಯೋಳ್ಕೊಡ್ತಾರೆ, ಬಾರೆ" ಅಂದಳು. ಹೋದೆ. ಆ ಭಿಕ್ಷುವಿಗೆ ನಾನು ಎಷ್ಟು ಸಲ ಕೈಮುಗಿದರೂ ಸಾಲದು.

ಪೂರಿಗಾಲಿಯ ಎಮ್ಮೆ

ಭಂತೇಜಿ ಹೇಳಿಕೊಟ್ಟಿದ್ದು ಇಷ್ಟೇ. ಸಿಟ್ಟು ಬಂದರೆ ಅದನ್ನು ಅಟ್ಟಲೂ ಬೇಡಿ, ಕೂರಿಸಿ ಊಟ ಹಾಕಲೂ ಬೇಡಿ. 'ಸಿಟ್ಟು ಬಂದಿದೆ' ಅಂತ ಮನಸ್ಸಿನಲ್ಲೇ ತಿಳಿದುಕೊಳ್ಳಿ. ಆಸೆ, ಬೇಜಾರು, ನಿದ್ದೆ, ಖುಷಿ, ಏನು ಬಂದರೂ ಅಷ್ಟೆ. ನೋಡುತ್ತಾ ಕೂತರೆ ಬಂದದ್ದು ತಾನೇ ಹೋಗುತ್ತದೆ.

ಪೂರಿಗಾಲಿಯಿಂದ ಬಂದಿದ್ದ ರೈತರೊಬ್ಬರು ಎದ್ದು ಕೈಮುಗಿದರು. "ಕಣ್ಣು ಮುಚ್ಚುದ್ರೆ ಸಾಕು, ನಮ್ ಎಮ್ಮೆ ಬತ್ತದೆ ಬುದ್ಧಿ. ಏನ್ ಮಾಡುದ್ರೂ ಓಗಕಿಲ್ಲ."

"ಓಡಿಸಬೇಡಿ. ಎಮ್ಮೆ ಬಂದಿದೆ ಅಂತ ತಿಳ್ಕೊಂಡು ಸುಮ್ಮನೆ ಕೂತಿರಿ."

ಮುಂದಿನ ಭಾನುವಾರ ಭಂತೇಜಿ ಅವರನ್ನೇ ಮೊದಲು ವಿಚಾರಿಸಿದರು. "ಎಮ್ಮೆ ಬಂತಾ?"

"ಬಂತು ಬುದ್ಧಿ. ನೀವು ಯೋಳ್ದಂಗೇ ತಿಳ್ಕಂಡೆ."

"ಆಮೇಲೆ?"

"ಅಷ್ಟ್ ದೂರದಿಂದ ಬಂದದಲ್ಲ ಅಂತ, ಒಂದ್ ಚೊಂಬು ಆಲ್ ಕರ್ಕಂಬುಟ್ಟೆ."

ಫುಟ್‌ಬೋರ್ಡಿನ ಆಸಾಮಿ

ಮನಸ್ಸಿನಲ್ಲೇ ಹೇಳಿಕೊಳ್ಳಿ ಅಂದಿದ್ದರು, ನಿಜ. ಆದರೆ ಮನಸ್ಸಿನಲ್ಲೇ ಏನನ್ನಾದರೂ ಇಟ್ಟುಕೊಳ್ಳುವ ಅಭ್ಯಾಸ ನಮ್ಮ ಮಂಡ್ಯದ ಕಡೆಯವರಿಗೆ ಎಲ್ಲಿಂದ ಬರಬೇಕು?

ಅವತ್ತು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಬಸ್ಸು ಮೊದಲೇ ತಡವಾಗಿತ್ತು. ದಪ್ಪ ಮೀಸೆಯ ಆಸಾಮಿಯೊಬ್ಬ ಫುಟ್‌ಬೋರ್ಡಿನ ತುಂಬ ನಿಂತು, ಇಳಿಯುವವರಿಗೂ ಹತ್ತುವವರಿಗೂ ದಾರಿ ಬಿಡದೆ ಫೋನಿನಲ್ಲಿ ಮಾತಾಡುತ್ತಿದ್ದ. ಹಳೇ ನಾನಾಗಿದ್ದರೆ ಏನು ಅನ್ನುತ್ತಿದ್ದೆ ಅಂತ ಇಲ್ಲಿ ಬರೆಯುವ ಹಾಗಿಲ್ಲ. ಕಂಬಿ ಹಿಡಿದು ಕಣ್ಣು ಮುಚ್ಚಿದೆ. ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೇನೆ ಅಂದುಕೊಂಡು ಗಟ್ಟಿಯಾಗಿಯೇ ಶುರು ಮಾಡಿದೆ: "ಸಿಟ್ಟು ಬಂದದೆ... ಸಿಟ್ಟು ಬಂದದೆ... ಎದೆಗಂಟ ಬಂದದೆ... ಈಗ ಗಂಟ್ಲಿಗೆ ಬಂದದೆ..."

ಕಣ್ಣು ಬಿಟ್ಟರೆ ಫುಟ್‌ಬೋರ್ಡ್ ಖಾಲಿ. ಆಸಾಮಿ ಕಟ್ಟಕಡೆಯ ಸೀಟಿನಲ್ಲಿ, ಫೋನ್ ಜೇಬಿಗಿಟ್ಟು, ಕೈಕಟ್ಟಿ ಕೂತಿದ್ದ. ನಮ್ಮ ಡ್ರೈವರ್ ಹಿಂದಕ್ಕೆ ತಿರುಗಿ, "ಅಕ್ಕಾ, ನೀನು ಬಯ್ಯೋದೇ ವಾಸಿ ಕಣಕ್ಕ. ಇದು ಬಾಂಬಿಟ್ಟು ಟೈಮ್ ಯೋಳ್ದಂಗದೆ" ಅಂದ.

ಉಪ್ಪಿಲ್ಲದ ಸಾರು

ನನ್ನ ಗಂಡ ಶಿವನಸಮುದ್ರದ ಕರೆಂಟು ಉತ್ಪಾದನಾ ಕೇಂದ್ರದಲ್ಲಿ ಕೆಲಸಕ್ಕಿದ್ದಾರೆ. ನನ್ನ ಬಾಯಿ ಕಡಿಮೆಯಾದದ್ದು ಕಂಡು ಅವರೂ ಧ್ಯಾನಕ್ಕೆ ಬರತೊಡಗಿದರು. ಸಾರಿನಲ್ಲಿ ಒಂದು ಕರಿಬೇವು ಕಡಿಮೆಯಾದರೂ ತಟ್ಟೆ ತಳ್ಳುತ್ತಿದ್ದ ಮನುಷ್ಯ, ಒಂದು ಮಧ್ಯಾಹ್ನ ಸದ್ದಿಲ್ಲದೆ ಎರಡು ಮುದ್ದೆ ಉಂಡು ಕೈತೊಳೆದರು. ಆಮೇಲೆ ನಾನು ಬಡಿಸಿಕೊಂಡರೆ ಸಾರಿಗೆ ಉಪ್ಪೇ ಇಲ್ಲ.

"ಯೋಳ್ಬಾರ್ದಾ ನೀವು?"

"ಬೇಜಾರು ಬಂದಿತ್ತು ಕಣೆ. ಓಗ್ಲಿ ಅಂತ ನೋಡ್ತಾ ಕೂತೆ. ಅದು ಓಗೊ ಒತ್ಗೆ ಮುದ್ದೆನೂ ಓಗಿತ್ತು."

ಕೊನೆಗೂ ಬಂದ ದೂರು

ಬರಬರುತ್ತಾ ಬಾಯಿ ಬಿಡದೆ ಮನಸ್ಸನ್ನು ನೋಡುವುದು ನನಗೂ ಬಂತು. ಸಂಜೆ ಮನೆ ಸೇರಿದಾಗ ಗಂಟಲು ನೋಯುತ್ತಿರಲಿಲ್ಲ, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು. ಎಷ್ಟು ಹಗುರಾಗಿದ್ದೆ ಅಂದರೆ, ಸ್ಟಾಪಿನಲ್ಲಿ ನಿಂತ ನಾಯಿಗೂ ಥ್ಯಾಂಕ್ಸ್ ಹೇಳುವ ಹಾಗಿದ್ದೆ. ಅಷ್ಟರಲ್ಲಿ ಡಿಪೋದಿಂದ ಕರೆ ಬಂತು. ನನ್ನ ಮೇಲೆ ದೂರಿದೆಯಂತೆ.

'ಹೆದರಿಕೆ ಬಂದಿದೆ' ಅಂತ ತಿಳಿದುಕೊಂಡೆ. ತಿಳಿದುಕೊಂಡ ಮೇಲೂ ಅದು ಹೋಗಲಿಲ್ಲ, ನನ್ನ ಜೊತೆಗೇ ಡಿಪೋಗೆ ಬಂತು. ಒಳಗೆ ಹೋದರೆ, ದಿನಾ ನನ್ನ ಬಸ್ಸಿಗೆ ಬರುವ ಮೇಷ್ಟ್ರು ಮತ್ತು ಹೂವು ಮಾರುವ ಅಜ್ಜಿ ಸಾಹೇಬರ ಮುಂದೆ ನಿಂತಿದ್ದಾರೆ.

"ಸಾರ್, ನಾನು ಯಾರಿಗೂ ಒಂದು ಮಾತು ಅಂದಿಲ್ಲ!"

"ಅದೇ ಕಣಮ್ಮ ದೂರು" ಅಂದರು ಸಾಹೇಬರು.

ಮೇಷ್ಟ್ರು ವಿವರಿಸಿದರು. "ಮೊದಲು ಇವರು ಒಂದು ಸಲ ಕೂಗಿದರೆ ಅರ್ಧ ಬಸ್ಸು ಹಿಂದಕ್ಕೆ ಸರೀತಿತ್ತು ಸಾರ್. ಈಗ ಇವರು ನಗ್ತಾ ನಿಂತಿರ್ತಾರೆ, ಜನ ಬಾಗಿಲಲ್ಲೇ ಹರಟೆ ಹೊಡೀತಾರೆ, ಬಸ್ಸು ಹೊರಡೋದೇ ಇಲ್ಲ. ಇವರ ಬೈಗುಳ ಈಗ ಹೆಡ್‌ಮಾಸ್ಟರ್ ಕೈಲಿ ನಾನು ತಿಂತಿದೀನಿ."

ಅಜ್ಜಿಯ ಕಣ್ಣಲ್ಲಿ ನೀರು. "ಅದಿರ್ಲಿ ಬುಡಿ ಸಾಮಿ. ಬೈದ್ರೆ ತಾನೆ ನಮ್ಮೋಳು? ನನ್ನ 'ಬನ್ನಿ, ಕೂತ್ಕೊಳಿ' ಅಂತಾಳೆ. ನಾನೇನ್ ಬೀಗ್ರಾ? ನನ್ ಮ್ಯಾಲೆ ಏನೋ ಮುನಿಸ್ಕಂಡವ್ಳೆ ಅಂತ ಅನ್ನ ಸೇರ್ತಿಲ್ಲ."

ಸಾಹೇಬರು ತಲೆ ಹಿಡಿದುಕೊಂಡರು. "ಬೈದ್ರೂ ದೂರು, ಬೈಯದಿದ್ರೂ ದೂರು! ಏನಾದ್ರೂ ಮಾಡು, ಬಸ್ಸು ಹೊತ್ತಿಗೆ ಸರಿಯಾಗಿ ಹೊರಡಬೇಕು. ಇಲ್ಲಾಂದ್ರೆ ಬೇರೆಯವರನ್ನ ಹಾಕ್ತೀನಿ."

ಭಾನುವಾರ ಗುತ್ತಲಿಗೆ ಹೋಗಿ ಭಂತೇಜಿ ಮುಂದೆ ಹೇಳಿಕೊಂಡು ಅತ್ತೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೂಗಬೇಡಿ ಅಂತ ನಾನೆಲ್ಲಿ ಹೇಳಿದೆ ತಾಯಿ? ಕೂಗುವಾಗ ಮನಸ್ಸಿನಲ್ಲಿ ಏನಿದೆ ಅಂತ ನೋಡ್ಕೊಳ್ಳಿ ಅಂದೆ, ಅಷ್ಟೆ."

ಸೋಮವಾರ ಮಳವಳ್ಳಿ ಸ್ಟ್ಯಾಂಡು. ಬಾಗಿಲಲ್ಲಿ ಜನ ಗಿಜಿಗಿಜಿ, ಒಬ್ಬರೂ ಅಲ್ಲಾಡಲಿಲ್ಲ. ನನ್ನ ಮನಸ್ಸನ್ನು ನೋಡಿಕೊಂಡೆ. ಹುಡುಕಿದರೂ ಸಿಟ್ಟಿಲ್ಲ. ಬರೀ ಪ್ರೀತಿ. ನನ್ನ ಬೈಗುಳಕ್ಕೋಸ್ಕರ ಡಿಪೋ ಮೆಟ್ಟಿಲು ಹತ್ತಿದ ಜನ ಇನ್ಯಾರಿಗೆ ಸಿಕ್ಕಾರು? ಕಣ್ಣು ತುಂಬಿ ಬಂತು. ಅದನ್ನೂ ತಿಳಿದುಕೊಂಡು, ಉಸಿರೆಳೆದುಕೊಂಡು, ಬಾಯಿ ಬಿಟ್ಟೆ.

"ಲೇ, ಒಳಕ್ಕೋಗ್ರುಲಾ! ಬಾಗ್ಲೇನು ನಿಮ್ಮತ್ತೆ ಮನೆ ಜಗ್ಲಿಯೇನ್ರುಲಾ?"

ಅರ್ಧ ಬಸ್ಸು ಒಂದೇ ಸಲಕ್ಕೆ ಹಿಂದಕ್ಕೆ ಸರಿಯಿತು. ಮೇಷ್ಟ್ರು ಗಡಿಯಾರ ನೋಡಿಕೊಂಡು ಕೈಮುಗಿದರು. ಡ್ರೈವರ್ ಗೇರು ಹಾಕಿದ. ಆಗ ಜನರ ಸಂದಿಯಿಂದ ಹೂವಿನ ಅಜ್ಜಿ ಕತ್ತು ಚಾಚಿ ಕೂಗಿದಳು:

"ಇನ್ನೊಂದ್ ಕಿತ ಬಯ್ಯವ್ವಾ, ಇಂದ್ಗಡೆಯೋರ್ಗೆ ಕೇಳುಸ್ನಿಲ್ಲ!"