ಬಾಗದ ಬೆನ್ನು

ತೊಂದರೆ ಶುರುವಾದದ್ದು ಸೋಪಿನಿಂದ. ಬೆಳಿಗ್ಗೆ ಸ್ನಾನಕ್ಕೆ ನಿಂತ ಮಸಾಜ್ ಮೇಷ್ಟ್ರ ಕೈಯಿಂದ ಅದು ಜಾರಿ, ಬಕೆಟ್ಟಿನ ಹಿಂದೆ ಹೋಗಿ ಕೂತಿತು. ಮೇಷ್ಟ್ರು ಹಿಂದೆಮುಂದೆ ನೋಡದೆ ಸೊಂಟ ಬಾಗಿಸಿ ಕೈ ಚಾಚಿದರು. ಬೆನ್ನಿನ ಕೆಳಗೆಲ್ಲೋ ಕಳಕ್ ಎಂದಿತು. ಸೋಪೇನೋ ಸಿಕ್ಕಿತು, ಆದರೆ ಮೇಷ್ಟ್ರಿಗೆ ಮೇಲೇಳಲು ಆಗಲಿಲ್ಲ.

ಬೀದಿಯ ಜನ ಅವರನ್ನು ಮೇಷ್ಟ್ರು ಎನ್ನುತ್ತಿದ್ದುದಕ್ಕೆ ಕಾರಣವಿತ್ತು. ಬೆನ್ನು ತಿಕ್ಕುತ್ತಲೇ ಅವರು ಪಾಠವನ್ನೂ ಮಾಡುತ್ತಿದ್ದರು. ನೆಲದಿಂದ ಸೂಜಿ ಎತ್ತಿದರೂ ಸೋಫಾ ಎತ್ತಿದರೂ ಮೊಣಕಾಲು ಮಡಚಬೇಕು, ಬೆನ್ನು ಮಡಚಬಾರದು. ಕೂತಲ್ಲೇ ಕೂತಿರಬಾರದು, ಆಗಾಗ ಎದ್ದು ಓಡಾಡಬೇಕು. ಬೋರಲು ಮಲಗಿದವರು ಎದುರಾಡುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲವಾದ್ದರಿಂದ ಪಾಠ ಸರಾಗವಾಗಿ ಸಾಗುತ್ತಿತ್ತು.

"ಏನ್ರೀ, ಅಲ್ಲೇ ಉಳ್ಕೊಂಡ್ಬಿಟ್ರಾ?" ಎನ್ನುತ್ತ ಹೆಂಡತಿ ಬಾಗಿಲು ತಳ್ಳಿದಳು. ಗಂಡ ಟವೆಲ್ ಸುತ್ತಿಕೊಂಡು ನಲ್ಲಿಗೆ ನಮಸ್ಕಾರ ಮಾಡುವ ಭಂಗಿಯಲ್ಲಿದ್ದ.

"ಹಿಡ್ಕೊಂಡುಬಿಡ್ತು ಕಣೇ. ಸ್ವಲ್ಪ ತಿಕ್ಕು."

"ನನಗೆಲ್ಲಿ ತಿಕ್ಕೋಕೆ ಬರುತ್ತೆ? ಮದುವೆ ಆದಾಗಿಂದ ನೀವು ಒಂದಿನ ನನ್ನ ಬೆನ್ನು ತಿಕ್ಕಿದ್ರೆ, ತಿಕ್ಕಿಸಿಕೊಂಡಾದ್ರೂ ಕಲೀತಿದ್ದೆ."

ಮೇಷ್ಟ್ರಿಗೆ ಜಗಳಕ್ಕೆ ಸಮಯವಿರಲಿಲ್ಲ. ಊರಾಚೆಯ ಪಾರ್ಸೆಲ್ ಗೋದಾಮಿನಲ್ಲಿ ಹಮಾಲರ ಬೆನ್ನುನೋವು ಹೆಚ್ಚಿ, ಅವರಿಗಾಗಿ ಮಸಾಜಿಗೊಂದು ಕೋಣೆ ಮಾಡಿಸಿದ್ದರು. ಸಂಬಳದ ಮೇಲೆ ಒಬ್ಬರನ್ನು ಇಟ್ಟುಕೊಳ್ಳಬೇಕಿತ್ತು. ಇವತ್ತು ಮೇಷ್ಟ್ರು ಹೋಗಿ ಹಮಾಲರಿಗೆ ಬೆನ್ನು ಕಾಪಾಡಿಕೊಳ್ಳುವುದು ಹೇಗೆಂದು ಹೇಳಿಕೊಡಬೇಕು. ಮೆಚ್ಚುಗೆಯಾದರೆ ಕೆಲಸ ಅವರದೇ. ಮನೆ ಮುಂದಿನ ತಗಡಿನ ಸೂರಿನ ಕೆಳಗೆ ಮಸಾಜಿನ ಗಿರಾಕಿಗಳ ದಾರಿ ಕಾದು ಅವರಿಗೆ ಸಾಕಾಗಿತ್ತು. ಈ ಕೆಲಸ ಅವರಿಗೆ ಬೇಕೇ ಬೇಕಿತ್ತು.

"ಇವತ್ತು ಆಗಲ್ಲ ಅಂತ ನಿಜ ಹೇಳಿಬಿಡಿ," ಎಂದಳು ಹೆಂಡತಿ.

"ಬೆನ್ನು ಹಿಡ್ಕೊಂಡ ಮಸಾಜಿನವನನ್ನ ಯಾರು ನಂಬ್ತಾರೆ? ಬೋಳುತಲೆಯವನು ಕೂದಲೆಣ್ಣೆ ಮಾರಿದ ಹಾಗಾಗುತ್ತೆ."

ಅವಳು ಹಳೆಯ ಬೆಡ್‌ಶೀಟೊಂದನ್ನು ಉದ್ದಕ್ಕೆ ಹರಿದು, ಗಂಡನನ್ನು ಹೇಗೋ ನೆಟ್ಟಗೆ ಮಾಡಿ, ಸೊಂಟದಿಂದ ಎದೆಯವರೆಗೆ ಬಿಗಿದು ಕಟ್ಟಿದಳು. ಮೇಲೆ ಅಂಗಿ ಹಾಕಿದಳು. ಈಗ ಮೇಷ್ಟ್ರು ಬಾಗಬೇಕೆಂದರೂ ಬಾಗುವಂತಿರಲಿಲ್ಲ.

ಹೊರಗೆ ಕಾಲಿಟ್ಟದ್ದೇ ತಡ, ಪಕ್ಕದ ಮನೆಯ ರಿಟೈರ್ಡ್ ಪೋಸ್ಟ್‌ಮಾಸ್ಟರು ಎದುರಾದರು. ಕೆಲಸ ಬಿಟ್ಟರೂ ಮನೆಮನೆಗೆ ಸುದ್ದಿ ಬಟವಾಡೆ ಮಾಡುವುದನ್ನು ಅವರು ಬಿಟ್ಟಿರಲಿಲ್ಲ.

"ಏನು ಮೇಷ್ಟ್ರೇ, ಕೋಲು ನುಂಗಿದೋರ ಹಾಗೆ ನಡೀತಿದೀರಿ?"

"ನಡಿಯೋದು ಹೀಗೇ ಸಾರ್. ಬೆನ್ನು ನೆಟ್ಟಗಿದ್ರೆ ನೋವು ಹತ್ರ ಸುಳಿಯಲ್ಲ."

ಪೋಸ್ಟ್‌ಮಾಸ್ಟರು ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿ ತಲೆದೂಗಿದರು. ಗೋದಾಮಿನ ವಿಷಯ ಕಿವಿಗೆ ಬಿದ್ದದ್ದೇ ಸ್ಕೂಟರ್ ಹೊರಗೆಳೆದರು. "ಹತ್ತಿ. ನಿಮ್ಮ ಪರವಾಗಿ ಒಂದು ಮಾತು ಹೇಳೋರು ಬೇಡ್ವೇ?"

ಮೇಷ್ಟ್ರು ಬೇಡವೆಂದರೂ ಕೇಳುವವರು ಯಾರು? ದಾರಿಯುದ್ದಕ್ಕೂ ಗುಂಡಿಗಳು. ಒಂದೊಂದಕ್ಕೂ ಅವರ ಬಾಯಿಂದ "ಅಬ್ಬಾ" ಹೊರಡುತ್ತಿತ್ತು.

"ಏನಂದ್ರಿ?"

"ಗಾಳಿ ಚೆನ್ನಾಗಿದೆ ಅಂದೆ."

ಗೋದಾಮಿನ ಮ್ಯಾನೇಜರ್ ಮೇಡಂ ಮೊದಲು ಕೋಣೆ ತೋರಿಸಿದರು. ಹೊಸ ಬಣ್ಣದ ವಾಸನೆ, ತಲೆಯ ಮೇಲೆ ಫ್ಯಾನು, ಸೊಂಟದೆತ್ತರದ ಮಂಚ. ಬಗ್ಗುವ ಗೋಜೇ ಇಲ್ಲ. ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ಮುಪ್ಪಿನವರೆಗೂ ಇಲ್ಲೇ ಇದ್ದುಬಿಡಬಹುದು ಎನ್ನಿಸಿತು.

ಹಮಾಲರು ಕೈಕಟ್ಟಿ ಸಾಲಾಗಿ ನಿಂತಿದ್ದರು. ಮೇಷ್ಟ್ರ ಪಾಠ ಚೆನ್ನಾಗಿಯೇ ಸಾಗಿತು. ಕೊನೆಗೆ ಹಿರಿಯ ಹಮಾಲನೊಬ್ಬ ಗಂಟಲು ಸರಿಮಾಡಿಕೊಂಡ. "ಬಾಯಲ್ಲಿ ಹೇಳಿದ್ರೆ ನಮ್ಮ ತಲೆಗೆ ಹೋಗಲ್ಲ ಮೇಷ್ಟ್ರೇ. ಒಂದ್ಸಲ ಎತ್ತಿ ತೋರಿಸಿ."

ಮೇಷ್ಟ್ರು ಮೆಲ್ಲಗೆ ಒಂದು ಖಾಲಿ ರಟ್ಟಿನ ಡಬ್ಬದತ್ತ ನಡೆದರು.

"ಛೆ, ಅದ್ಯಾಕೆ?" ಎಂದರು ಪೋಸ್ಟ್‌ಮಾಸ್ಟರು. "ತುಂಬಿದ್ದೇ ತನ್ನಿ. ಇವರದು ಉಕ್ಕಿನ ಬೆನ್ನು. ಬಾಗಿದ್ದನ್ನ ನಾನಂತೂ ಕಂಡಿಲ್ಲ."

ನಲ್ಲಿ ಸಾಮಾನಿನ ಪೆಟ್ಟಿಗೆ ಬಂತು. ಬೆಡ್‌ಶೀಟು ಬಗ್ಗಲು ಬಿಡುವಂತಿರಲಿಲ್ಲವಾದ್ದರಿಂದ ಮೇಷ್ಟ್ರು ಗೋಡೆಯಂತೆ ನೆಟ್ಟಗಿದ್ದುಕೊಂಡೇ ಮೊಣಕಾಲು ಮಡಚಿ ಕೆಳಗಿಳಿದರು. ಪೆಟ್ಟಿಗೆಯನ್ನು ಎದೆಗವಚಿಕೊಂಡು, ಉಸಿರು ಬಿಗಿಹಿಡಿದು, ತೊಡೆಯ ಬಲದಲ್ಲೇ ಎದ್ದರು. ಇಷ್ಟು ಅಚ್ಚುಕಟ್ಟಾಗಿ ಅವರು ಜನ್ಮದಲ್ಲಿ ಯಾವುದನ್ನೂ ಎತ್ತಿರಲಿಲ್ಲ. ನೋವಿಗೆ ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು.

"ಎಷ್ಟು ಶ್ರದ್ಧೆ ನೋಡಿ," ಎಂದರು ಮೇಡಂ.

"ಈ ಕಡೆಯವರಿಗೆ ಕಾಣಲಿಲ್ಲ," ಎಂದರು ಆ ಕಡೆಯವರು.

ಮೇಷ್ಟ್ರು ಆ ಕಡೆಗೂ ಎತ್ತಿದರು. ಆಮೇಲೆ ಹಿಂದಿನ ಸಾಲಿಗೂ ಎತ್ತಿದರು. ಹಮಾಲರು ಒಬ್ಬೊಬ್ಬರಾಗಿ ಅದೇ ರೀತಿ ಎತ್ತಿ ನೋಡಿದರು. ಹಿರಿಯ ಹಮಾಲ ಪೆಟ್ಟಿಗೆ ಇಳಿಸಿ ಸೊಂಟ ತಡವಿಕೊಂಡು, "ನೋವೇ ಆಗ್ಲಿಲ್ಲ ಮೇಡಂ," ಎಂದ. ಅವನ ಮುಖ ನೋಡಿ ಮೇಷ್ಟ್ರಿಗೆ ತಮ್ಮ ನೋವು ಮರೆಯುವಷ್ಟು ಸಂತೋಷವಾಯಿತು. ಕೆಲಸ ಸಿಕ್ಕಂತೆಯೇ ಎಂದುಕೊಂಡರು.

ಮೇಡಂ ಮಾಲೀಕರಿಗೆ ಫೋನ್ ಮಾಡಿ ನಗುತ್ತ ಬಂದರು. "ನಿಮ್ಮನ್ನ ತಗೊಂಡಿದೀವಿ ಮೇಷ್ಟ್ರೇ. ನಾಳೆಯಿಂದಲೇ ಬನ್ನಿ."

"ಕೋಣೆ ಕೀಲಿ ಯಾರ ಹತ್ರ ಇಸ್ಕೊಳ್ಳಲಿ ಮೇಡಂ?"

"ಯಾವ ಕೋಣೆ? ಅದನ್ನ ಸಾಮಾನು ಇಡೋ ಸ್ಟೋರ್‌ರೂಮಿಗೆ ಕೊಟ್ಟುಬಿಟ್ಟೆ. ಎಲ್ಲರೂ ನಿಮ್ಮ ಥರ ಎತ್ತಿದ್ರೆ ಯಾರಿಗೂ ನೋವೇ ಬರಲ್ಲ. ಆಮೇಲೆ ಮಸಾಜ್ ಯಾಕೆ? ಆದ್ರೆ ಒಂದಿನ ನೋಡಿದ್ರೆ ಕಲಿಯೋ ಜನ ಅಲ್ಲ ಇವರು. ದಿನಾ ಬೆಳಗಿಂದ ಸಂಜೆ ತನಕ ಕಣ್ಮುಂದೆ ಒಬ್ರು ಸರಿಯಾಗಿ ಎತ್ತುತ್ತಾ ಇರಬೇಕು. ಹಮಾಲರ ಸಾಲಲ್ಲಿ ಮೊದಲು ನೀವೇ."

"ಮೇಡಂ, ನನ್ನ ಬೆನ್ನು..." ಎಂದರು ಮೇಷ್ಟ್ರು.

"ಅವರ ಬೆನ್ನಿಗೆ ನಾನು ಗ್ಯಾರಂಟಿ," ಎಂದು ಪೋಸ್ಟ್‌ಮಾಸ್ಟರು ನಡುವೆ ಬಾಯಿಹಾಕಿದರು. "ಸಂಜೆಯೊಳಗೆ ಬೀದಿಗೆಲ್ಲ ಹೇಳ್ತೀನಿ ನೋಡಿ."

ಮೇಷ್ಟ್ರು ಅಂಗಿ ಕೆಳಗೆಳೆದುಕೊಂಡು ಬೆಡ್‌ಶೀಟಿನ ಅಂಚು ಮರೆಮಾಡಿದರು. ಈಗ ನಿಜ ಹೇಳಿದರೆ ಅದೂ ಸಂಜೆಯೊಳಗೆ ಮನೆಮನೆಗೆ ಬಟವಾಡೆಯಾಗುತ್ತಿತ್ತು. ತಗಡಿನ ಸೂರಿನ ಕೆಳಗಿನ ಗಿರಾಕಿಗಳೂ ಕೈಬಿಟ್ಟು ಹೋಗುತ್ತಿದ್ದರು.

"ನಾಳೆ ಕಬ್ಬಿಣದ ಬೀರುಗಳ ಲಾರಿ ಬರುತ್ತೆ," ಎಂದರು ಮೇಡಂ. "ಒಳ್ಳೇ ಶುರು."

ಹಮಾಲರೆಲ್ಲ ಚಪ್ಪಾಳೆ ತಟ್ಟಿದರು. ಮೇಷ್ಟ್ರಿಗೆ ಅಲ್ಲೇ ಕುಸಿದು ಕೂರಬೇಕೆನಿಸಿತು. ಬೆಡ್‌ಶೀಟು ಅದಕ್ಕೂ ಬಿಡಲಿಲ್ಲ.