ಉಸಿರಾಟ ಕಲಿಸುವ ನಮ್ಮತ್ತೆ

ನಮ್ಮ ಸೋದರತ್ತೆಯ ಎದುರು ಯಾರೂ ಏದುಸಿರು ಬಿಡಬಾರದು. ಬಿಟ್ಟರೋ ಮುಗೀತು, ಕೈಹಿಡಿದು ನಡೆಸಿಯೇ ಬಿಡುತ್ತಾರೆ! ಶ್ವಾಸಕೋಶ ಸೋತವರಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ಅವರು. ಮಂಡ್ಯದ ಕಾಲೇಜೊಂದರಲ್ಲಿ ಪಾಠ, ಮಿಕ್ಕ ಹೊತ್ತೆಲ್ಲ ಸಂಶೋಧನೆ. ನಮ್ಮೂರವರಿಗೆ ಇದು ಅರ್ಥವಾಗಬೇಕಲ್ಲ? "ಉಸ್ರಾಡಾದ್ನೂ ಯೋಳ್ಕೊಡ್ಬೇಕಾ? ಉಟ್ದಾಗಿಂದ ಆಡ್ತಾನೇ ಇವ್ನಿ ಕಣಮ್ಮ!" ಎನ್ನುತ್ತಿದ್ದರು.

ಅವರ ಪಾಠದ ವರಸೆಯೇ ಬೇರೆ. ಹೊಸ ವಿದ್ಯಾರ್ಥಿಗಳಿಗೆ ಮೂಗು ಮುಚ್ಚಿಸಿ, ಬಾಯಿಗೆ ಎಳನೀರಿನ ಸ್ಟ್ರಾ ಕೊಟ್ಟು, ಅದರಲ್ಲೇ ಉಸಿರಾಡುತ್ತಾ ಮೆಟ್ಟಿಲು ಹತ್ತಿಸುತ್ತಿದ್ದರು. ಅವರು ಅರ್ಧಕ್ಕೇ ಕುಸಿದು ಕಣ್ಣುಕಣ್ಣು ಬಿಡುವಾಗ, "ನಮ್ ಪೇಷಂಟ್ಗಳು ದಿನಾ ಹಿಂಗೇ ಇರೋದು. ಇನ್ಮೇಲೆ ಅವರ್ನ ಬೇಗ ನಡೀರಿ ಅಂತ ಗದರ್ತೀರಾ?" ಎಂದು ಕೇಳುತ್ತಿದ್ದರು. ಉತ್ತರ ಕೊಡಲು ಪಾಪ, ಯಾರಲ್ಲೂ ಉಸಿರಿರುತ್ತಿರಲಿಲ್ಲ.

ಸಂಶೋಧನೆಯದು ಇನ್ನೊಂದು ಕಥೆ. ಆಲೆಮನೆಯ ಹೊಗೆ ಕುಡಿದವರ ಎದೆಬಲ ಅಳೆಯಬೇಕಿತ್ತು, ಆಸ್ಪತ್ರೆಗೆ ಒಬ್ಬರೂ ಬರಲಿಲ್ಲ. ಅತ್ತೆ ಬಿಡುತ್ತಾರೆಯೇ? ಮದ್ದೂರಿನ ಹತ್ತಿರದ ನೆಂಟರ ಮನೆಗೆ, ಮದುವೆಯಾದ ಮೇಲಿನ ಬೀಗರೂಟಕ್ಕೆ ಊದುವ ಮೀಟರು ಹಿಡಿದು ಹೋದರು. ಶಾಮಿಯಾನದ ಬಾಗಿಲಲ್ಲಿ ಕೂತು, "ಮೊದ್ಲು ಜೋರಾಗಿ ಊದಿ, ಆಮೇಲೆ ಊಟ!" ಎಂದರು. ಬೀಗರೂಟಕ್ಕೆ ನಮ್ಮ ಗಂಡಸರು ಗಂಟಲು ಒದ್ದೆ ಮಾಡಿಕೊಂಡೇ ಬರುತ್ತಾರೆಂದು ಬೇರೆ ಹೇಳಬೇಕೆ? "ಪೊಲೀಸ್ನೋರು ಊದುಸ್ತಾವ್ರೆ ಕಣ್ರಲಾ!" ಎಂದು ಯಾರೋ ಕೂಗಿದ್ದೇ ತಡ, ಬಾಗಿಲಲ್ಲಿದ್ದವರ ಹಿಂದೆ ಒಳಗೆ ಕೂತಿದ್ದ ಪಂಕ್ತಿಯೂ ಎದ್ದು ಕಬ್ಬಿನ ಗದ್ದೆಗೆ ನುಗ್ಗಿತು! ಮಾಂಸದ ಸಾರು ತಣ್ಣಗಾಯಿತು. ಆ ನೆಂಟರು ಇವತ್ತಿಗೂ ಅತ್ತೆಯನ್ನು ಊಟಕ್ಕೆ ಕರೆಯುವುದಿಲ್ಲ.

ಆಮೇಲೆ ನಮ್ಮಪ್ಪನ ಸರದಿ ಬಂತು. ಮಳವಳ್ಳಿ ಕಡೆಯ ನಮ್ಮೂರಲ್ಲಿ ವರ್ಷಾನುಗಟ್ಟಲೆ ಆಲೆಮನೆಯ ಹೊಗೆಯಲ್ಲಿ ಬೆಲ್ಲ ಕಾಯಿಸಿದವರು. ಕಡೆಕಡೆಗೆ ಒಂದು ಮಾತು ಮುಗಿಸಬೇಕಾದರೂ ನಡುವೆ ಉಸಿರಿಗಾಗಿ ನಿಲ್ಲಬೇಕಾಯಿತು. ಊರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದ ಮನುಷ್ಯ ಮಾತನ್ನೇ ಬಿಟ್ಟು ಗೋಡೆ ನೋಡುತ್ತ ಕೂತರು. ನಮಗೆ ಅದೇ ದಿಗಿಲು. ನೋಡಲು ಬಂದವರೋ, ಬ್ರೆಡ್ಡು ಮೂಸಂಬಿ ಇಟ್ಟು, "ಅಲ್ಲಾಡ್ಬ್ಯಾಡ ಬುಡಣ್ಣ, ಮನೀಕೋ" ಎನ್ನುವವರೇ.

ಅತ್ತೆ ಮಂಡ್ಯದಿಂದ ಬಸ್ಸಿಳಿದವರೇ ಹೊಸ ಕಾನೂನು ತಂದರು. ರೋಗಿಯನ್ನು ನೋಡಲು ಬಂದವರು ಕೂರುವಂತಿಲ್ಲ, ಅವನ ಜೊತೆ ನಾಲೆ ಏರಿಯ ಮೇಲೆ ನಡೆಯಬೇಕು! ಸಂಜೆಯಾದರೆ ಅಪ್ಪ ಮುಂದೆ, ಮೂಸಂಬಿ ಚೀಲ ಹಿಡಿದ ನೆಂಟರು ಹಿಂದೆ. ಅಪ್ಪನಿಗೆ ದಮ್ಮು ಹತ್ತಿದರೆ ಮೆರವಣಿಗೆಯೇ ನಿಂತು, ತುಟಿ ಕಿರಿದು ಮಾಡಿ ಮೆಲ್ಲಗೆ ಗಾಳಿ ಬಿಡಬೇಕು. ಬರುಬರುತ್ತಾ ನೆಂಟರು ಕಡಿಮೆಯಾದರು, ಅಪ್ಪನ ನಡಿಗೆ ಹೆಚ್ಚಾಯಿತು. ಅತ್ತೆ ಇಲ್ಲದಿದ್ದರೆ ನಾವೂ ಅವರನ್ನು ಮಂಚಕ್ಕೇ ಬಿಟ್ಟುಬಿಡುತ್ತಿದ್ದೆವು. ಆ ಉಪಕಾರ ನಾನು ಮರೆಯುವಂಥದ್ದಲ್ಲ.

ಮೊನ್ನೆ ಅತ್ತೆಯ ನಿವೃತ್ತಿಯ ಸಮಾರಂಭ. ಹಾರ, ಶಾಲು, ಭಾಷಣ ಎಲ್ಲ ಆದ ಮೇಲೆ ಅಪ್ಪ ಎದ್ದು ವೇದಿಕೆ ಹತ್ತಿದರು. ಮೈಕು ಕೊಡಲು ಹೋದರೆ ಬೇಡವೆಂದರು.

"ಏನಮ್ಮಿ, ಕಾಯ್ಲೆಯೋನು ಅಂತಾನೂ ನೋಡ್ದೆ ನನ್ನ ಏರಿ ಮ್ಯಾಲೆ ದನ ಅಟ್ದಂಗೆ ಅಟ್ಕೊಂಡೋಗಿ, ಬಂದ್ ನೆಂಟ್ರನ್ನೂ ಓಡ್ಸಿ, ಊರ್ ಮುಂದೆ ನನ್ ಮಾನ ಕಳ್ದ್ಯಲ್ಲಮ್ಮಿ!"

ಸಭೆಯೆಲ್ಲ ನಕ್ಕಿತು. ಅತ್ತೆ ನಗಲಿಲ್ಲ. ಅಣ್ಣನ ಎದೆಯ ಮೇಲೆ ಅಂಗೈ ಇಟ್ಟು ಅಳತೊಡಗಿದರು.

"ಒಂದೇ ಉಸ್ರಲ್ಲಿ ಬೈದ್ಯಲ್ಲಣ್ಣ... ಎಲ್ಲೂ ನಿಲ್ಸಲೇ ಇಲ್ವಲ್ಲ!"