ಮಾನಪ್ಪನ ಕಣ್ಣೊಳಗಿನ ಚಹಾ

ಮಾನಪ್ಪ ಕುಡಿದದ್ದು ಬರೀ ಎರಡು ಕಪ್ಪು ಚಹಾ, ಅದರ ಮೇಲೆ ಒಂದು ಚರಿಗೆ ಮಜ್ಜಿಗೆ. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಕುಡಿದು, ಮೀಸೆ ಒರೆಸಿಕೊಂಡು, ಮರೆತೇಬಿಡುತ್ತಿದ್ದರು. ಆದರೆ ಮಾನಪ್ಪನ ಎರಡೂ ಕಿಡ್ನಿಗಳು ಕೆಲಸ ಬಿಟ್ಟು ಕೂತು ವರ್ಷವಾಗಿತ್ತು. ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿಯೇ ಇರಲಿಲ್ಲ. ವಾರಕ್ಕೆ ಎರಡು ಸಲ ಮಸ್ಕಿಯಲ್ಲಿ ಬಸ್ಸು ಹತ್ತಿ ಸಿಂಧನೂರಿಗೆ ಹೋಗಿ, ಅಲ್ಲೊಂದು ಖಾಸಗಿ ದವಾಖಾನೆಗೆ ಹೊಸದಾಗಿ ಬಂದಿದ್ದ ಯಂತ್ರದ ಮುಂದೆ ಕೈಚಾಚಿ ಮಲಗಬೇಕು. ಅದು ಅವನ ರಕ್ತ ತೊಳೆದು, ಮೈಯಲ್ಲಿ ನಿಂತ ನೀರನ್ನು ಎಳೆದು ಹಾಕುತ್ತಿತ್ತು.

ನಡುವಿನ ದಿನಗಳಲ್ಲಿ ಅವನು ಎಷ್ಟು ಕುಡಿಯಬೇಕೆಂಬುದು ಹೆಂಡತಿ ಯಮನಮ್ಮನ ಕೈಯಲ್ಲಿತ್ತು. ಆಕೆ ನೀರಿನ ಕೊಡದ ಪಕ್ಕದಲ್ಲಿ ಕಾಲುವೆಯ ಗೇಟು ಕಾಯುವವನ ಹಾಗೆ ಕೂತಿರುತ್ತಿದ್ದಳು. ಆಕೆ ಬಿಟ್ಟರೆ ನೀರು, ಬಿಡದಿದ್ದರೆ ಇಲ್ಲ. ಈ ಆಡಳಿತದಲ್ಲಿ ಮಾನಪ್ಪನಿಗೆ ಉಳಿದಿದ್ದ ಒಂದೇ ಸುಖವೆಂದರೆ ಮುಂಜಾನೆಯ ಅರ್ಧ ಕಪ್ಪು ಚಹಾ. ಅದನ್ನು ನುಂಗಲು ಮನಸ್ಸಾಗದೆ ಎಮ್ಮೆಯ ಹಾಗೆ ಬಾಯಲ್ಲೇ ಆಡಿಸುತ್ತಿದ್ದ.

ಹೋದ ಸಲ ಕಿಡ್ನಿ ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕೂಡಿಸಿಕೊಂಡು ಒಂದು ಮಾತು ಹೇಳಿದ್ದರು: "ಮುಂದಿನ ಸಲ ರಾಯಚೂರಿಂದ ಕಣ್ಣಿನ ಡಾಕ್ಟರು ಬರ್ತಾರ. ರಕ್ತ ತೊಳಿಯೂಕಿಂತ ಮೊದಲು ಒಮ್ಮೆ, ತೊಳದ ಮ್ಯಾಲೆ ಒಮ್ಮೆ ಕಣ್ಣಿನ ಹಿಂಭಾಗ ನೋಡ್ತಾರ. ಮೈಯಾಗ ನೀರು ತುಂಬಿದ್ರ ಅಲ್ಲೂ ಗೊತ್ತಾಗ್ತದ."

ಯಮನಮ್ಮ ಈ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಮನೆಗೆ ತಂದಳು. "ಕೇಳಿದಿಲ್ಲ? ಇನ್ನ ನಿನ್ನ ಕಳ್ಳತನ ಎಲ್ಲಾ ಕಣ್ಣಾಗ ಕಾಣತೈತಿ. ಒಂದು ಗುಟುಕು ಹೆಚ್ಚಿಗಿ ಕಂಡಿತಂದ್ರ ಮುಂಜಾನಿ ಚಾನೂ ಬಂದ್!"

ಅಂದಿನಿಂದ ಮಾನಪ್ಪ ಹದ್ದುಬಸ್ತಿನಲ್ಲಿಯೇ ಇದ್ದ. ಆದರೆ ನಿನ್ನೆ ಸಂತೆ. ಮಾನಪ್ಪ ಕಂಬಳಿ ನೇಯ್ದು ಮಾರುವವನು. ಅವನು ಕಂಬಳಿ ಹರವಿಕೊಂಡು ಕೂತ ಜಾಗದ ಎದುರಿಗೇ ದಾವಲ್‌ಸಾಬನ ಚಹಾದ ಹೋಟೆಲು. ಚಳಿಗಾಲದ ಗಾಳಿಗೆ ಶುಂಠಿಯ ವಾಸನೆ ತೇಲಿ ಬಂತು. ಗೆಳೆಯ ದಾವಲ್‌ಸಾಬ ಮೊದಲನೇ ಕಪ್ಪು ಪ್ರೀತಿಯಿಂದ ಕೊಟ್ಟ. ಎರಡನೆಯದನ್ನು ಮಾನಪ್ಪನೇ ಕೇಳಿ ಕುಡಿದ. ಮಜ್ಜಿಗೆ ಹೇಗೆ ಬಂತೋ ಅವನಿಗೇ ತಿಳಿಯಲಿಲ್ಲ.

ಬೆಳಗಾದರೆ ಕಣ್ಣಿನ ಪರೀಕ್ಷೆ. ಮುಂಜಾನೆಯೇ ಹಟ್ಟಿಯಲ್ಲಿ ಕುರಿಯೊಂದು ಈಯುವ ನೋವಿನಲ್ಲಿ ಕಾಲು ಕೆರೆಯತೊಡಗಿತು.

"ನಾ ಈ ಕುರಿ ಬಿಟ್ಟು ಬರಾಕ ಆಗಂಗಿಲ್ಲ," ಎಂದಳು ಯಮನಮ್ಮ. "ಕಣ್ಣಿಗೆ ಔಷಧ ಬಿಟ್ರ ದಾರಿ ಕಾಣಂಗಿಲ್ಲಂತ. ದಾವಲಣ್ಣನ್ನ ಕರಕೊಂಡು ಹೋಗು. ಅವಾ ಇದ್ದನಂದ್ರ ನನಗ ನಿಚ್ಚಿಂತಿ."

ಚಹಾ ಕುಡಿಸಿದವನನ್ನೇ ಕಾವಲಿಗೆ ಕಳಿಸುತ್ತಿದ್ದೇನೆಂದು ಆ ತಾಯಿಗೆ ಗೊತ್ತಿರಲಿಲ್ಲ.

ಬಸ್ಸು ಮಸ್ಕಿ ದಾಟಿದ ಕೂಡಲೇ ಕೆಂಪಂಚಿನ ಕಂಬಳಿ ಹೊದ್ದುಕೊಂಡಿದ್ದ ಮಾನಪ್ಪ ಗೆಳೆಯನ ಕಿವಿಗೆ ಬಾಯಿಟ್ಟ. "ಲೇ ದಾವಲ್‌ಸಾಬ, ನಿನ್ನ ಚಾ ಇವತ್ತ ನನ್ನ ಕಣ್ಣಾಗ ಸಿಕ್ಕಿಬೀಳತೈತಿ ನೋಡು."

ದಾವಲ್‌ಸಾಬ ಧೈರ್ಯ ಹೇಳಿದ. "ಚಾ ಕೆಂಪಗ ಇರತೈತಿ. ಕಣ್ಣಾಗ ಕೆಂಪ ಗೆರಿ ಇರೂವ ಅದಾವು. ಅದರಾಗ ಯಾರಿಗೆ ಗೊತ್ತಾಗತೈತಿ?"

"ಮಜ್ಜಿಗಿ?"

"ಮಜ್ಜಿಗಿ ಬೆಳ್ಳಗ. ಕಣ್ಣಿನ ಬಿಳೀದರಾಗ ಕೂಡಿ ಹೋಗತೈತಿ. ಸುಮ್ಮನ ಕುಂದ್ರು."

ಮಾನಪ್ಪನಿಗೆ ಸಮಾಧಾನವಾಗಲಿಲ್ಲ. ಹಿಂದಿನ ಸೀಟಿನಲ್ಲಿ ಉಳ್ಳಾಗಡ್ಡಿಯ ಬುಟ್ಟಿ ಇಟ್ಟುಕೊಂಡು ಕೂತಿದ್ದ ಜಂಬಮ್ಮನಿಗೂ ಸುಮ್ಮನಿರಲು ಆಗಲಿಲ್ಲ. ದಾವಲ್‌ಸಾಬನ ಪಿಸುಮಾತು ಡ್ರೈವರನಿಗೂ ಕೇಳುವಂಥದು. ಆಕೆ ಮುಂದೆ ಬಗ್ಗಿ ಕೇಳಿದಳು: "ಏನೋ ಮಾನಪ್ಪಣ್ಣ, ಕುಡದ ನೀರು ಕಣ್ಣಾಗ ಬಂದು ನಿಂತೈತೇನು?"

"ಹೌದಂತಬೇ."

"ಮತ್ತ ಕಣ್ಣಾಗಿಂದನ ಹೊರಗ ಹಾಕು. ಅತ್ತುಬಿಡು!"

ಇಬ್ಬರೂ ಗೆಳೆಯರು ಮುಖ ಮುಖ ನೋಡಿಕೊಂಡರು. ಇಷ್ಟು ಸರಳ ದಾರಿ ಇಷ್ಟು ದೊಡ್ಡ ಡಾಕ್ಟರಿಗೆ ಯಾಕೆ ಹೊಳೆಯಲಿಲ್ಲವೋ ಅನ್ನಿಸಿತು.

"ಸುಮ್ಮಸುಮ್ಮನ ಹೆಂಗ ಅಳಲಬೇ? ದುಃಖ ಬ್ಯಾಡೇನು?" ಎಂದ ಮಾನಪ್ಪ.

"ದುಃಖ ಯಾಕ ಬೇಕು? ಉಳ್ಳಾಗಡ್ಡಿ ಐತಿ!" ಎಂದು ಜಂಬಮ್ಮ ಬುಟ್ಟಿಯಿಂದ ಒಂದು ದಪ್ಪ ಗಡ್ಡೆ ತೆಗೆದು, ಸೀಟಿನ ಕಬ್ಬಿಣದ ಮೇಲಿಟ್ಟು ಗುದ್ದಿದಳು. ಅದು ಎರಡು ಹೋಳಾಯಿತು. ಒಂದೊಂದು ಕಣ್ಣಿಗೆ ಒಂದೊಂದು ಹೋಳು.

ಹೊಸ ಬೆಳೆಯ ಉಳ್ಳಾಗಡ್ಡಿ. ಮಾನಪ್ಪನ ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯತೊಡಗಿತು. ದಾವಲ್‌ಸಾಬ ಪಕ್ಕದಲ್ಲಿ ಕೂತು ಹುರುಪು ತುಂಬಿದ: "ಬರಾಕತ್ತೈತಿ, ಬರಾಕತ್ತೈತಿ! ಒಂದು ಕಪ್ಪು ಹೋತು. ಇನ್ನೂ ಅಳು!"

ಮುಂದಿನ ಹಳ್ಳಿಯಲ್ಲಿ ದಢೇಸುಗೂರಿಗೆ ಹೋಗುವ ಒಬ್ಬ ಮುದುಕಿ ಹತ್ತಿದಳು. ಆ ವಯಸ್ಸಿನ ಗಂಡಸು ಕಂಬಳಿ ಹೊದ್ದು ಹೀಗೆ ಅಳುವುದನ್ನು ಆಕೆ ಜನ್ಮದಲ್ಲಿ ಕಂಡಿರಲಿಲ್ಲ.

"ಯಾಕ ತಮ್ಮಾ, ಏನಾತು ಇವಂಗ?" ಎಂದು ದಾವಲ್‌ಸಾಬನನ್ನು ಕೇಳಿದಳು.

ಚಹಾದ ಸಂಗತಿ ಇನ್ನಷ್ಟು ಕಿವಿಗೆ ಬೀಳುವುದು ದಾವಲ್‌ಸಾಬನಿಗೆ ಬೇಡವಾಗಿತ್ತು. "ಏನ್ ಹೇಳಲವ್ವಾ, ಮನ್ಯಾಗ ಹೇಣ್ತಿ ವಿಷಯ," ಎಂದು ನಿಟ್ಟುಸಿರು ಬಿಟ್ಟ.

ಮುದುಕಿಗೆ ಅಷ್ಟೇ ಸಾಕಾಯಿತು. ಸೆರಗನ್ನು ಮುಖಕ್ಕೆಳೆದುಕೊಂಡು ರಾಗ ತೆಗೆದಳು: "ಗಂಡನ್ನ ನಡುದಾರ್ಯಾಗ ಬಿಟ್ಟು ಹೋದ್ಯಲ್ಲ ನನ್ನವ್ವಾ... ಬಿಸಿ ರೊಟ್ಟಿ ಬಡದು ಹಾಕೂರ್ಯಾರ ನನ್ನವ್ವಾ..." ಮುಂದಿನ ಸೀಟಿನ ಇಬ್ಬರು ಹೆಂಗಸರು ಯಾರು ಏನು ಎಂದು ವಿಚಾರಿಸದೆ ದನಿಗೂಡಿಸಿದರು. ಟಿಕೆಟ್ಟು ಕೇಳಲು ಬಂದ ಕಂಡಕ್ಟರು ತಲೆಯ ಟೋಪಿ ತೆಗೆದು ಹಿಂದಕ್ಕೆ ಸರಿದ. ಇಷ್ಟು ಒಳ್ಳೆಯ ಹೆಂಡತಿಯ ಗುಣಗಾನ ಕೇಳಿ ಮಾನಪ್ಪನಿಗೂ ಎದೆ ತುಂಬಿ ಬಂತು. ಉಳ್ಳಾಗಡ್ಡಿಯ ಹೋಳು ಕೆಳಗೆ ಬಿದ್ದರೂ ಅಳು ನಿಲ್ಲಲಿಲ್ಲ.

ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಮುದುಕಿಯೂ ಆ ಹೆಂಗಸರೂ ಮಾನಪ್ಪನನ್ನು ನಡುವೆ ಹಿಡಿದುಕೊಂಡು, ಹಾಡಿಕೊಂಡು ಅಳುತ್ತಲೇ ಇಳಿಸಿದರು. ಅದೇ ಹೊತ್ತಿಗೆ ಮಸ್ಕಿಯ ಪಕೀರಪ್ಪ ವಾಪಸು ಊರಿಗೆ ಹೋಗುವ ಬಸ್ಸು ಹತ್ತುತ್ತಿದ್ದ. ಅವನ ಮನೆ ಮಾನಪ್ಪನ ಮನೆಗೆ ಎದುರು. ಓಣಿಯ ಸುದ್ದಿಗೆ ಒಂದು ಕೈ ಎಣ್ಣೆ ಸುರಿಯದೆ ಮುಂದಕ್ಕೆ ಕಳಿಸಿದವನಲ್ಲ. "ಮಾನಪ್ಪಾ, ಏನಾತೋ?" ಎಂದು ಕೂಗುವಷ್ಟರಲ್ಲಿ ಅವನ ಬಸ್ಸು ಹೊರಟೇಬಿಟ್ಟಿತು.

ದವಾಖಾನೆಯಲ್ಲಿ ಮೊದಲು ತೂಕ. ನರ್ಸಮ್ಮ ಮುಳ್ಳು ನೋಡಿ ಹುಬ್ಬೇರಿಸಿದಳು. "ಹೋದ ಸಲಕ್ಕಿಂತ ಭಾಳ ಏರೈತಿ!"

"ಕಂಬಳಿ ಹೊದ್ದೀನಲ್ರೀ ಅಕ್ಕಾರ," ಎಂದ ಮಾನಪ್ಪ.

ಕಂಬಳಿ ತೆಗೆಸಿ ದಾವಲ್‌ಸಾಬನ ಕೈಗೆ ಕೊಟ್ಟರು. ಮುಳ್ಳು ಕಂಬಳಿಯಷ್ಟೇ ಇಳಿದು ಮತ್ತೆ ಬಿಗಿದುಕೊಂಡು ನಿಂತಿತು.

"ಚಪ್ಪಲಿ..."

"ಚಪ್ಪಲಿ ಹೊರಗ ಬಿಟ್ಟು ಬಂದೀರಿ. ಇಳೀರಿ."

ತೂಕದ ಮಾತಿಗೆ ಮಾನಪ್ಪ ಹೆದರಲಿಲ್ಲ. ಅದು ಆ ಕೋಣೆಯಲ್ಲೇ ಉಳಿಯುವಂಥದು, ಯಮನಮ್ಮನ ತನಕ ಹೋಗುವುದಿಲ್ಲ. ಅವನ ಜೀವ ಇದ್ದದ್ದು ಕಣ್ಣಿನಲ್ಲಿ.

ಕಣ್ಣಿನ ಡಾಕ್ಟರು ಅವನನ್ನು ಕಂಡು ಬೆಚ್ಚಿದರು. "ಏನ್ರೀ ಇದು? ಕಣ್ಣೋ ಕೆಂಡೋ? ಏನ್ ಹಾಕ್ಕೊಂಡೀರಿ?"

"ಏನಿಲ್ರೀ. ಬಸ್ಸಿನ್ಯಾಗ ಸ್ವಲ್ಪ ದುಃಖ ಆಗಿತ್ತು."

ಡಾಕ್ಟರು ಮೂಸಿ ನೋಡಿ ಮತ್ತೇನೂ ಕೇಳಲಿಲ್ಲ. ಕಣ್ಣು ತೊಳೆಸಿ, ಪಾಪೆ ಹಿಗ್ಗುವ ಔಷಧ ಬಿಟ್ಟು, ದೀಪ ಹಿಡಿದು ಇಣುಕಿದರು. ಬಾವಿಯಲ್ಲಿ ಬಿದ್ದ ಕೊಡ ಹುಡುಕುವವರ ಹಾಗೆ ಬಹಳ ಹೊತ್ತು ಇಣುಕಿದರು. "ಹೂಂ, ತುಂಬೇದ," ಎಂದರು.

ಎಷ್ಟು ಕಪ್ಪು ಎಂದು ಕೇಳಲು ಬಾಯಿಗೆ ಬಂದ ಮಾತನ್ನು ಮಾನಪ್ಪ ಕಷ್ಟಪಟ್ಟು ನುಂಗಿದ.

ಯಂತ್ರ ಮಧ್ಯಾಹ್ನ ಪೂರ್ತಿ ಅವನ ರಕ್ತ ತೊಳೆಯಿತು. ಅವನು ಮುಂಜಾನೆಯ ಆ ಅರ್ಧ ಕಪ್ಪನ್ನು ನೆನೆಯುತ್ತ ಮಲಗಿದ್ದ. ಹೊತ್ತು ಇಳಿದ ಮೇಲೆ ಡಾಕ್ಟರು ಮತ್ತೆ ಔಷಧ ಬಿಟ್ಟು ಇಣುಕಿದರು. ಈ ಸಲ ಅವರ ಮುಖ ಅರಳಿತು.

"ನೋಡ್ರಿ, ಕಣ್ಣಿನ ಹಿಂದ ಸಣ್ಣ ಸಣ್ಣ ರಕ್ತನಾಳದ್ದೊಂದು ಪದರ ಇರ್ತದ. ನಿಮ್ಮ ಕಡೆ ಕಾಲುವಿಗೆ ನೀರು ಬಿಟ್ರ ಗದ್ದಿ ತುಂಬ್ತದಲ್ಲ, ಹಂಗ ಮುಂಜಾನೆ ತುಂಬಿತ್ತು. ಈಗ ಯಂತ್ರ ನೀರು ಎಳದದ, ಇಳದದ. ಅಲ್ಲಿ ರಕ್ತ ಹರಿಯೂದೂ ಕಮ್ಮಿ ಆಗೇದ."

ಮಾನಪ್ಪ ಧೈರ್ಯ ಮಾಡಿದ. "ಅಂದ್ರ... ಏನು ಕುಡದೀನಿ ಅನ್ನೂದೂ ಕಾಣತೈತೇನ್ರೀ? ಚಾ, ಮಜ್ಜಿಗಿ, ಹಂಗ?"

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಚಾ ಹೆಂಗ ಕಾಣ್ತದ್ರೀ? ಇದೇನು ಹೋಟೆಲಿನ ಗ್ಲಾಸೇನು? ಆದ್ರ ಒಂದು ಮಾತು. ಮನಸ್ಸಿಗೆ ಬಂದಷ್ಟು ಕುಡದು, ಆಮೇಲೆ ಒಮ್ಮಿಗೇ ಎಳಿಸಿದ್ರ ಕಣ್ಣಿನ ನರಕ್ಕ ರಕ್ತ ಸಾಲೂದಿಲ್ಲ. ಒಂದಿನ ಕಣ್ಣು ಹೋದೀತು. ಹೆಂಡತಿ ಹೇಳಿದಂಗ ಕೇಳ್ರಿ."

ಮೊದಲನೇ ಮಾತು ಕೇಳಿಯೇ ಮಾನಪ್ಪನ ಕಿವಿ ಮುಚ್ಚಿಹೋಗಿತ್ತು. ಉಳಿದದ್ದು ಗೋಡೆಗೆ ತಾಗಿ ಕೆಳಗೆ ಬಿತ್ತು.

"ಇನ್ನ ಸ್ವಲ್ಪ ಹೊತ್ತು ಮಂಜು ಮಂಜಾಗಿ ಕಾಣ್ತದ. ಯಾರದಾರ ಕೈ ಹಿಡಕೊಂಡು ಹೋಗ್ರಿ," ಎಂದು ಡಾಕ್ಟರು ಕಳಿಸಿಕೊಟ್ಟರು.

ಮಾನಪ್ಪ ಕುಣಿಯುತ್ತ ಹೊರಗೆ ಬಂದ. ಲೋಕವೆಲ್ಲ ಹಾಲಿನಲ್ಲಿ ಅದ್ದಿದಂತಿತ್ತು. ಟ್ಯೂಬ್‌ಲೈಟು ಹತ್ತಿಯ ಮೂಟೆಯ ಹಾಗೆ ಕಂಡಿತು. ನೀರಿನ ಡ್ರಮ್ಮಿಗೆ ಕಾಂಪೌಂಡರನೆಂದು ತಿಳಿದು ನಮಸ್ಕಾರ ಮಾಡಿದ. ಆದರೆ ಮೂಲೆಯ ಬೆಂಚಿನ ಮೇಲಿದ್ದ ಕೆಂಪಂಚಿನ ಕಂಬಳಿಯನ್ನು ಮಾತ್ರ ಗುರುತು ಹಿಡಿದ. ತಾನೇ ನೇಯ್ದದ್ದು, ಕತ್ತಲಲ್ಲಿಟ್ಟರೂ ಗುರುತು ಹಿಡಿಯಬಲ್ಲ. ಸಂಜೆಯ ಚಳಿಗೆ ದಾವಲ್‌ಸಾಬ ತಲೆಯ ತನಕ ಹೊದ್ದು ಕೂತಿದ್ದಾನೆ. ಮಾನಪ್ಪ ಪಕ್ಕದಲ್ಲಿ ಕುಸಿದು ಕೂತು ಕಂಬಳಿಯ ಬೆನ್ನಿಗೆ ಗುದ್ದಿದ.

"ಲೇ, ಗೆದ್ದೆ! ಕಣ್ಣಾಗ ಚಾ ಕಾಣಂಗ ಇಲ್ಲಂತಲೇ!"

"ಹೂಂ," ಎಂದಿತು ಕಂಬಳಿ.

"ಎರಡು ಕಪ್ಪು ಕುಡದ್ರೂ ಅಷ್ಟ, ಹತ್ತು ಕುಡದ್ರೂ ಅಷ್ಟ. ಮ್ಯಾಲೆ ಚರಗಿ ಮಜ್ಜಿಗಿ. ಒಂದೂ ಕಾಣಲಿಲ್ಲ! ಬಸ್ಸಿನ್ಯಾಗ ಉಳ್ಳಾಗಡ್ಡಿ ಹಿಂಡಿಕೊಂಡು ಸುಳ್ಳಽ ಅತ್ತೆ ನೋಡು."

"ಹೂಂ."

"ನಾಳಿಂದ ಮಧ್ಯಾನ ನನಗೊಂದು ಕಪ್ಪು ತಗದಿಡು. ಶುಂಠಿ ಹಾಕಿ. ಯಮನಮ್ಮಗ ತಿಳಿಯಂಗಿಲ್ಲ. ಅಕಿ ಇನ್ನೂ ಕಣ್ಣಾಗ ಕಾಣತೈತಿ ಅಂತ ನಂಬಿಕೊಂಡು ಕುಂತಾಳ, ಹುಚ್ಚಿ."

ಕಂಬಳಿ ಕದಲಿತು. ಒಳಗಿನಿಂದ ಗಾಜಿನ ಬಳೆಗಳ ಸದ್ದು ಬಂತು. ದಾವಲ್‌ಸಾಬ ಯಾವಾಗ ಬಳೆ ಇಡಿಸಿಕೊಂಡ ಎಂದು ಮಾನಪ್ಪ ಯೋಚಿಸುತ್ತಿರುವಾಗಲೇ ಕಂಬಳಿ ಮುಖದಿಂದ ಸರಿಯಿತು. ಮುಖ ಮಂಜು ಮಂಜಾಗಿತ್ತು. ದನಿ ಮಾತ್ರ ಸ್ಪಷ್ಟವಾಗಿತ್ತು.

"ಪಕೀರಪ್ಪ ಓಡಿ ಬಂದು, ನಿನ್ನ ಗಂಡ ಬಸ್‌ಸ್ಟ್ಯಾಂಡಿನ್ಯಾಗ ಗೊಳೋ ಅಂತ ಅಳಾಕತ್ತಾನ, ಸುತ್ತ ಹೆಂಗಸ್ರು ಹಾಡ್ಕೊಂಡು ಅಳಾಕತ್ತಾರ, ಏನೋ ಹೆಚ್ಚುಕಮ್ಮಿ ಆಗೈತಿ ಅಂದ. ಆಗ ತಾನ ಈದ ಕುರಿ ಬಿಟ್ಟು, ಜೀವ ಕೈಯಾಗ ಹಿಡಕೊಂಡು ಬಂದೀನಿ. ದಾವಲಣ್ಣ ನನ್ನ ನೋಡಿದ್ದಽ ತಡ, ಕಂಬಳಿ ಕೈಗೆ ಕೊಟ್ಟು, ನಮಾಜಿನ ಹೊತ್ತಾತಂತ ಓಡಿಹೋದ. ಯಾಕ ಓಡಿದ ಅಂತ ಈಗ ತಿಳೀತು."

ಮಾನಪ್ಪ ಬೆಂಚಿನ ತುದಿಗೆ ಸರಿದ.

ಯಮನಮ್ಮ ಎದ್ದು, ಕಂಬಳಿಯನ್ನು ಅವನ ಮೈಗೆ ಹೊದಿಸಿ, ಗಟ್ಟಿಯಾಗಿ ಕೈ ಹಿಡಿದುಕೊಂಡಳು. "ಏಳು, ಮೆಟ್ಟಲ ಐತಿ, ನೋಡಿ ಇಳಿ. ಕಣ್ಣಿಂದ ಎಲ್ಲಾ ಗೊತ್ತಾಗತೈತಿ ಅಂತ ನಾ ಹೇಳಿದ್ದು ಸುಳ್ಳಾತೇನು?"

ದವಾಖಾನೆಯ ಬಾಗಿಲ ಮುಂದೆಯೇ ಚಹಾದ ಗಾಡಿ ಇತ್ತು. ಅದು ಮಾನಪ್ಪನಿಗೆ ಕಾಣಲಿಲ್ಲ, ಶುಂಠಿಯ ವಾಸನೆ ಮಾತ್ರ ಬಂತು. ಅವನ ಎರಡೂ ಕಣ್ಣುಗಳಿಂದ ನೀರು ಇಳಿಯಿತು. ಈ ಸಲ ಜಂಬಮ್ಮನ ಉಳ್ಳಾಗಡ್ಡಿ ಬೇಕಾಗಲಿಲ್ಲ.